ತಿಮ್ಮಕ್ಕನ ಕ್ಯಾಸೆಟ್ಟು

ಅಧ್ಯಕ್ಷರಾದ ಚಿಕ್ಕಬೈರಪ್ಪನವರೇ, ವೇದಿಕೆ ಮೇಲಿರುವ ಗಣ್ಯರೇ, ಲಂಡನ್ನಿನಿಂದ ಬಂದಿರುವ ನಮ್ಮ ಶಾಲಿನೀ, ಬೋಂಡದ ವಾಸನೆಗೆ ತಿರುಗಿ ತಿರುಗಿ ನೋಡುತ್ತಿರುವ ಸಭಿಕರೇ,

ನಾನು ಮುನಿಯಣ್ಣ. ಓದಿದ್ದು ನಾಲ್ಕನೇ ಕ್ಲಾಸು. ಸುದ್ದಗುಂಟೆಪಾಳ್ಯದಲ್ಲಿ ಮೂವತ್ತು ವರ್ಷ ಮೈಕ್‌ಸೆಟ್ ಅಂಗಡಿ ಇಟ್ಟವನು. ನಮ್ಮ ಶಾಲಿನಿ ಮ್ಯೂಸಿಕ್ ಪ್ರೊಡ್ಯೂಸರ್ ಅಂದಾಗ, ಹಾಗಂದರೆ ದುಡ್ಡು ಹಾಕೋರು ಅಂದುಕೊಂಡಿದ್ದೆ. ಅಲ್ಲವಂತೆ. ಯಾವ ದನಿ ಮುಂದೆ ಬರಬೇಕು, ಯಾವುದು ಹಿಂದೆ ನಿಲ್ಲಬೇಕು ಅಂತ ತೀರ್ಮಾನ ಮಾಡೋರಂತೆ. ಈ ಹುಡುಗಿ ಜಾಹೀರಾತಿಗೆ ಟ್ಯೂನ್ ಕಟ್ಟಿದಳು, ಸ್ಕಾಲರ್‌ಶಿಪ್ ತಗೊಂಡು ಹೋದಳು, ಈಗ ಅಲ್ಲಿನ ಸಿನಿಮಾಗಳಿಗೆ ಸಂಗೀತ ಮಾಡುತ್ತಾಳೆ. ಸಂತೋಷ. ಆದರೆ ಆಹ್ವಾನ ಪತ್ರಿಕೆಯಲ್ಲಿ ನನ್ನನ್ನ ಅವಳ ‘ಮೊದಲ ಗುರು’ ಅಂತ ಹಾಕಿದ್ದೀರಲ್ಲ, ಯಾರನ್ನ ಕೇಳಿ ಹಾಕಿದಿರಿ?

ಈಗ ತಾನೇ ಅವಳು ಇದೇ ಮೈಕಿನಲ್ಲಿ ಏನಂದಳು? ‘ನಮ್ಮಜ್ಜಿ ದನಿಯಂಥ ದನಿಗಾಗಿ ಎಲ್ಲಾ ಕಡೆ ಹುಡುಕಿದೆ, ಸಿಗಲಿಲ್ಲ’ ಅಂದಳು. ನೀವು ಚಪ್ಪಾಳೆ ತಟ್ಟಿದಿರಿ. ನಾನು ತಟ್ಟಲಿಲ್ಲ.

ಅವಳಜ್ಜಿ ತಿಮ್ಮಕ್ಕ. ಕೋಣನಕುಂಟೆಯಿಂದ ವಸಂತಪುರದವರೆಗೆ ಆಕೆ ಸೋಬಾನೆ ಹೇಳದೆ ಮದುವೆ ಆಗುತ್ತಿರಲಿಲ್ಲ. ತೊಂಬತ್ತಾರರಲ್ಲಿ ಶಾಲಿನಿ ನನ್ನ ಟೇಪ್‌ರೆಕಾರ್ಡರ್ ಕೇಳಿ ತಗೊಂಡು ಹೋಗಿ ಆ ಹಾಡೆಲ್ಲ ತುಂಬಿಕೊಂಡಳು. ಯಾರೂ ಅಳಿಸಬಾರದು ಅಂತ ಕ್ಯಾಸೆಟ್ಟಿನ ಬೆನ್ನಲ್ಲಿರುವ ಎರಡು ಪುಟ್ಟ ಚೂರು ಮುರಿದಳು. ‘ಮಾವ, ನಮ್ಮನೆ ಸೋರುತ್ತೆ, ನಿಮ್ಮತ್ರ ಇರಲಿ’ ಅಂದಳು.

ಅಳಿಸದ ಹಾಗೆ ಮುರಿದಿದ್ದನ್ನ ಅಳಿಸುವ ಹಾಗೆ ಮಾಡೋದು ಮೈಕ್‌ಸೆಟ್‌ನವನಿಗೆ ಎಷ್ಟು ಹೊತ್ತಿನ ಕೆಲಸ? ಆ ತೂತಿಗೆ ಕಾಗದ ತುರುಕಿದರೆ ಮುಗಿಯಿತು. ಒಂದು ದಿನ ಖಾಲಿ ಕ್ಯಾಸೆಟ್ ಇರಲಿಲ್ಲ, ತುರುಕಿದೆ. ‘ನೀರಿನ ಟ್ಯಾಂಕರ್ ನಾಳೆ ಬರುತ್ತದೆ’ ಅಂತ ನನ್ನ ಈ ಒಡಕು ದನಿಯನ್ನ ಅದಕ್ಕೆ ಮತ್ತೆ ಮತ್ತೆ ತುಂಬಿ, ಆಟೋದಲ್ಲಿ ಬೀದಿ ಬೀದಿ ಸುತ್ತಿದೆ.

ಮೂರು ತಿಂಗಳಿಗೆ ತಿಮ್ಮಕ್ಕ ತೀರಿಕೊಂಡಳು. ತಿಥಿ ಮುಗಿಸಿ ಈ ಹುಡುಗಿ ಬಂದಳು. ‘ಮಾವ, ಅಜ್ಜಿ ಕ್ಯಾಸೆಟ್ ಕೊಡಿ.’

ನಾನು ರೇಗಿದೆ. ತಪ್ಪು ಮಾಡಿದವನಿಗೇ ಅಲ್ಲವೇ ಸಿಟ್ಟು ಜಾಸ್ತಿ? ‘ಅಗ್ಗದ ಕ್ಯಾಸೆಟ್ ತಂದರೆ ಇನ್ನೇನಾಗುತ್ತೆ? ರೀಲು ಸುತ್ಕೊಂಡು ಹಾಳಾಯ್ತು!’ ಅಂದೆ.

‘ಸುತ್ಕೊಂಡಿರೋ ರೀಲೇ ಕೊಡಿ ಮಾವ, ಕೂತ್ಕೊಂಡು ಬಿಡಿಸ್ಕೋತೀನಿ’ ಅಂದಳು.

‘ಬಿಸಾಕ್ದೆ, ಹೋಗು’ ಅಂದೆ.

ಬಿಸಾಕಿರಲಿಲ್ಲ. ನನ್ನ ಟ್ಯಾಂಕರ್ ಮುಗಿದ ಮೇಲೆ ಎಂಟು ನಿಮಿಷ ತಿಮ್ಮಕ್ಕ ಹಾಗೇ ಉಳಿದಿದ್ದಳು. ಕೊಟ್ಟರೆ ಸುಳ್ಳು ಹೊರಗೆ ಬರುತ್ತಿತ್ತು. ಹನ್ನೊಂದು ವರ್ಷ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಇವತ್ತು ಜೇಬಲ್ಲಿ ಇಟ್ಟುಕೊಂಡು ಬಂದೆ. ಕೊಡೋ ಧೈರ್ಯ ಬರುತ್ತೋ ಇಲ್ಲವೋ ಗೊತ್ತಿರಲಿಲ್ಲ. ಬಂತು ಅನ್ನೋಣ.

ಚಿಕ್ಕಬೈರಪ್ಪನವರೇ, ಈ ಶಾಲು ವಾಪಸ್ ಮಡಚಿಡಿ. ನನಗೆ ಬೇಡ.

ಶಾಲಿನಿ, ತಗೋಮ್ಮ. ಮೊದಲು ನನ್ನ ದನಿ ಬರುತ್ತೆ, ಸಹಿಸಿಕೊ. ಆಮೇಲೆ ಅಜ್ಜಿ. ನಡುವೆ ಒಂದು ಸಲ ಕೆಮ್ಮುತ್ತಾಳೆ, ‘ನೀರು ಕುಡಿಯಜ್ಜಿ’ ಅಂತ ನೀನು ಹೇಳೋದೂ ಇದೆ. ಕ್ಷಮಿಸು ಅಂತ ಕೇಳೋಕೆ ನನಗೆ ಬಾಯಿಲ್ಲ. ತೂತಿನ ಕಾಗದ ಮಾತ್ರ ತೆಗೆದಿದ್ದೀನಿ. ಇನ್ನು ಇದರ ಮೇಲೆ ಯಾರೂ ಏನೂ ತುಂಬೋಕಾಗಲ್ಲ.

ಇಷ್ಟು ಹೊತ್ತು ಬೈಯದೆ ಕೇಳಿದ್ದಕ್ಕೆ ನಿಮಗೆಲ್ಲ ವಂದನೆ. ನಮಸ್ಕಾರ.