ಮೊಳೆಗೆ ತೂಗಿದ ಚರ್ಮದ ಟೊಪ್ಪಿ

ನರೀನ್ ಪಟ್ಟಣದಿಂದ ಮೇಲಕ್ಕೆ, ಘಾಟಿಗೆ ಹೋಗುವ ರಸ್ತೆ ಆ ಗುರುವಾರ ಮಧ್ಯಾಹ್ನವೇ ಮುಚ್ಚಿಹೋಯಿತು. ಜಿಲ್ಲಾ ಪತ್ರಿಕೆಯ ಕೆಲಸಕ್ಕೆ ಹೊರಟಿದ್ದ ನಾನು ಘಾಟಿಯ ಬುಡದಲ್ಲಿ, ರಸ್ತೆ ಕೆಲಸದವರ ಕೊಠಡಿಯಲ್ಲಿ ಸಿಕ್ಕಿಬಿದ್ದೆ. ಹೊರಗೆ ಹಿಮ ಅಡ್ಡಡ್ಡಲಾಗಿ ಬೀಸುತ್ತಿತ್ತು. ಒಳಗೆ ಒಂದು ಕಲ್ಲಿದ್ದಲ ಒಲೆ, ಬೆಚ್ಚಗಿರಲೆಂದು ಅದರ ಪಕ್ಕದಲ್ಲಿ ತಂದಿಟ್ಟ ನಾಲ್ಕು ದೊಡ್ಡ ಬ್ಯಾಟರಿಗಳು. ಗೋಡೆಯ ಮೊಳೆಗೆ, ಕಿವಿಯ ಬಳಿ ಹೆಡ್‌ಫೋನು ಹೊಲಿದಿದ್ದ, ಟ್ಯಾಂಕ್ ಓಡಿಸುವವರ ಹಳೆಯ ಚರ್ಮದ ಟೊಪ್ಪಿಯೊಂದು ತೂಗುತ್ತಿತ್ತು.

ಬ್ಯಾಟರಿಗಳು ಅಂಗಳದಾಚೆ ಶೆಡ್ಡಿನಲ್ಲಿದ್ದ ಬೂರಾದವು. ಅಲ್ಲಿಯ ಭಾಷೆಯಲ್ಲಿ ಬೂರಾ ಎಂದರೆ ಗಂಡು ಒಂಟೆ. ಆದರೆ ಇದು ಸೋವಿಯತ್ ಸೈನ್ಯ ಬಿಟ್ಟುಹೋದ, ಹಿಮ ತಳ್ಳಿ ದಾರಿ ಬಿಡಿಸುವ ಯಂತ್ರ: ಟ್ಯಾಂಕಿನಂತೆ ಉಕ್ಕಿನ ಪಟ್ಟಿಗಳ ಮೇಲೆ ಓಡುತ್ತದೆ, ಮುಂದೆ ಗೋಡೆಯಗಲದ ಅಲಗು, ಬೆನ್ನ ಮೇಲೆ ಗೂನಿನಂಥ ಕ್ರೇನು.

ಆ ರಸ್ತೆ ಠಾಣೆಯ ಹೊಸ ಮುಖ್ಯಸ್ಥ ಮಿರ್ಜಾಬೆಕ್ ಚಡಪಡಿಸುತ್ತಿದ್ದ. ಮೇಲಧಿಕಾರಿಯೊಬ್ಬರು ಔತಣಕ್ಕೆಂದು ಘಾಟಿ ದಾಟಬೇಕಿತ್ತು.

"ಅಸಿಲ್, ಬ್ಯಾಟರಿ ಹೊತ್ಕೊಂಡು ನಡಿ. ಡೀಸೆಲ್ ಬೆಳಿಗ್ಗೆ ನಾನೇ ತುಂಬಿಸಿದೀನಿ," ಎಂದ. ಚಾಲಕ ಅಸಿಲ್ ಕೈಗವಸು ಹಾಕಿಕೊಂಡು ಎದ್ದ.

"ಕೂತ್ಕೊಳೋ."

ಮೂಲೆಯಿಂದ ಹಾಗೆಂದವನು ಹಳೆಯ ಮೆಕ್ಯಾನಿಕ್ ಓಸ್ಮೊನ್‌ಕುಲ್. ಅವನು ಮೆಲ್ಲಗೆ ಎದ್ದು, ಬೂರಾದ ತೊಟ್ಟಿಯಿಂದ ತೆಗೆದಿಟ್ಟಿದ್ದ ಡೀಸೆಲನ್ನು ಗಾಜಿನ ಲೋಟಕ್ಕೆ ಸುರಿದು, ಕಿಟಕಿಯ ಹೊರಗಿನ ಕಟ್ಟೆಯ ಮೇಲಿಟ್ಟು ಬಂದ. "ಇದು ಅಲ್ಲಿರ್ಲಿ. ಒಂದು ಕತೆ ಹೇಳ್ತೀನಿ. ಮುಗಿದಾಗ್ಲೂ ಇದು ನೀರಿನ ಹಾಗೇ ಇದ್ರೆ ಹೊರಡು."

"ಆ ಕುಡುಕನ ಕತೆ ತಾನೇ, ಅತಾ?" ಎಂದು ಮಿರ್ಜಾಬೆಕ್ ನಕ್ಕ. ಹಿರಿಯರನ್ನು ಅಲ್ಲಿ ಅತಾ, ಅಂದರೆ ಅಪ್ಪಾ, ಎಂದು ಕರೆಯುತ್ತಾರೆ.

ಒಲೆಯ ಮುಂದೆ ಅಡುಗೆ ಮಾಡುತ್ತಿದ್ದ ಕುಲಿಪಾಳ ಜಾಲರಿ ಸೌಟು ನಿಂತಿತು. ಎಣ್ಣೆಯ ವಾಸನೆ ಸತ್ತವರನ್ನು ತಲುಪಲಿ ಎಂದು ಅಲ್ಲಿ ಗುರುವಾರ ಬೋರ್ಸೋಕ್ ಎಂಬ ಹಿಟ್ಟಿನ ತುಂಡುಗಳನ್ನು ಕರಿಯುತ್ತಾರೆ. ಅವಳು ಕರಿಯುತ್ತಿದ್ದದ್ದು ಗಂಡ ಸಾಗಿನ್‌ಗಾಗಿ. ಮುಖ್ಯಸ್ಥ ಕುಡುಕ ಎಂದದ್ದೂ ಅವನನ್ನೇ.

"ಕಾದ ಎಣ್ಣೆ ನನ್ನ ಕೈಲಿದೆ, ಸಾಹೇಬ್ರೇ," ಎಂದಳು ತಿರುಗದೆ. "ನಾಲಿಗೆ ಮೇಲೆ ನಿಗಾ ಇರ್ಲಿ."

ಓಸ್ಮೊನ್‌ಕುಲ್ ಕತೆ ಶುರುಮಾಡಿದ.

"ಕೇಳ್ರಪ್ಪಾ... ಸೈನ್ಯ ಊರು ಬಿಟ್ಟಾಗ ಈ ಬೂರಾ ಬ್ಯಾರಕ್ಕಿನ ಹಿಂದೆ ಗುಂಡೀಲಿ ಬಿದ್ದಿತ್ತು. ತೋಳಗಳು ಕುದುರೆ ಹರ್ಕೊಂಡು ತಿನ್ನಲ್ವಾ, ಹಾಗೆ ಗುಜರಿಯೋರು ತಿಂದು ಬಿಟ್ಟಿದ್ರು. ಸೀಟಲ್ಲಿ ಕೋಳಿ ಮೊಟ್ಟೆ ಇಟ್ಟಿತ್ತು. ಸಾಗಿನ್ ಸೈನ್ಯದಲ್ಲಿ ಇಂಥದ್ದನ್ನೇ ಓಡಿಸ್ದೋನು. ಎಂಜಿನ್ ಮುಚ್ಚಳ ತೆಗೆದ, ಮೂಸಿದ, 'ಬಾಯ್ಕೆ, ಅಣ್ಣಾ, ಇದು ಸತ್ತಿಲ್ಲ, ಮುನಿಸ್ಕೊಂಡಿದೆ ಅಷ್ಟೆ' ಅಂದ. ಆಮೇಲೆ ಅವನೂ ನಾನೂ ಪಟ್ಟಿಯ ಒಂದೊಂದು ಕೊಂಡೀನೂ ಗುಜರಿಯಿಂದ ಹೆಕ್ಕಿ ತಂದು, ತುಕ್ಕು ಹಿಡಿದ ಪಿನ್ನುಗಳನ್ನ ಸುತ್ತಿಗೇಲಿ ಹೊಡೆದು ಹೊರಗೆ ಹಾಕಿ, ಹಾಲಿನ ಡೈರಿಯ ರಬ್ಬರ್ ಪೈಪು ಕತ್ತರಿಸಿ ಜೋಡಿಸಿ... ಸೀಟಿಗೆ ಬಟ್ಟೆ ಹೊಲಿದೋಳು ಈ ಕುಲಿಪಾನೇ. ಮೊದಲ ದಿನ ಕುರಿ ಕೊಯ್ದು ಅಲಗಿಗೆ ರಕ್ತ ಹಚ್ಚಿದ್ವಿ. ಯಾಕೆ ಹೇಳಿ? ಈ ಯಂತ್ರ ಇನ್ನು ಮನುಷ್ಯರ ರಕ್ತ ಕೇಳಬಾರದು ಅಂತ!"

ಅವನು ತನ್ನ ಊರುಗೋಲನ್ನು ನೆಲಕ್ಕೆ ಕುಟ್ಟಿದ.

"ಇದರ ಎಂಜಿನ್ನಿಗೆ ಒಂದು ಚಾಳಿ. ಹಾಗೇ ಸ್ಟಾರ್ಟ್ ಮಾಡಿದ್ರೆ ಬೇರಿಂಗು ಒಣಗಿ ಸುಟ್ಟುಹೋಗತ್ತೆ. ಮೊದಲು ಗುಂಡಿ ಒತ್ತಿ ಬ್ಯಾಟರಿ ಕರೆಂಟಿನ ಪಂಪಲ್ಲಿ ಆಯಿಲ್ ಏರಿಸ್ಬೇಕು. ಗುಂಯ್ಯ್... ಅಂತ ಮುಲುಗತ್ತೆ ಆ ಪಂಪು. ಸಾಗಿನ್ ಅದನ್ನ ಕಿವಿಗೊಟ್ಟು ಕೇಳ್ತಿದ್ದ, ಮಗು ಅಳೋದನ್ನ ತಾಯಿ ಕೇಳೋ ಹಾಗೆ. ಕುಡಿದೋನಿಗೆ ಅಷ್ಟು ತಾಳ್ಮೆ ಇರತ್ತೇನ್ರೋ?

"ಆಗ ಇಲ್ಲಿ ಮುಖ್ಯಸ್ಥ ಆಗಿದ್ದೋನು ತೆಂತಿಮಿಶ್. ಮೂರು ಗಲ್ಲದ ದೊಡ್ಡ ಮನುಷ್ಯ. ಚಳಿಗಾಲದ ಡೀಸೆಲ್ಲು ಬಂತು. ಅದನ್ನ ಲಾರಿಯೋರಿಗೆ ಮಾರಿ, ಬೂರಾಕ್ಕೆ ಬೇಸಿಗೆ ಡೀಸೆಲ್ ಕುಡಿಸ್ದ. ಈ ಚಳೀಲಿ ಬೇಸಿಗೆ ಡೀಸೆಲ್ ಏನಾಗತ್ತೆ? ತಣ್ಣಗಾದ ಕುರಿಯ ಕೊಬ್ಬು! ಸಾಗಿನ್ ಹಿಮದಲ್ಲಿ ಸಿಕ್ಕಿದ್ದ ಕುರುಬರನ್ನ ಬಿಡಿಸೋಕೆ ಹೋಗಿದ್ದ. ಅಲ್ಲಿ, ಬಿಳೀ ಕೊರಕಲಿನ ಕೆಳಗೆ, ನಾವು ಕೆಮ್ಮೋಕೂ ಹೆದರೋ ಜಾಗದಲ್ಲಿ, ಎಂಜಿನ್ ನಿಂತುಹೋಯ್ತು... ಅವನು ಇಳಿದು ಓಡಬಹುದಿತ್ತು. ಓಡಿದ್ರೆ ಬೂರಾನೂ ಹೋಗತ್ತೆ, ಕುರುಬರೂ ಹೋಗ್ತಾರೆ ಅಂತ ಕೂತೇ ಇದ್ದ. ಹಿಮ ಜಾರಿ ಬಂದು ಮುಚ್ಚಿತು. ನಾವು ಅಗೆದು ತೆಗೆದಾಗ ಅವನ ಬೆರಳು ಆ ಪಂಪಿನ ಗುಂಡಿ ಮೇಲೇ ಇತ್ತು.

"ಮಣ್ಣು ಮಾಡೋ ಮುಂಚೆ, ನಮ್ಮ ವಾಡಿಕೆ ಪ್ರಕಾರ, ಹಿರಿಯರು ಕೇಳಿದ್ರು, 'ಇವನು ಎಂಥ ಮನುಷ್ಯ ಆಗಿದ್ದ?' ಇಡೀ ಊರು 'ಒಳ್ಳೆಯವನು' ಅಂತು. ಆಮೇಲೆ ನಾವು ನಡೆದು ಹೋಗಿ ಇಳಿಸಿ ತಂದಿದ್ದ ಕುರುಬರು ಅಳ್ತಾ ಅಂದ್ರು. ಮುಂದಿನ ಸಾಲಲ್ಲಿ ನಿಂತಿದ್ದ ತೆಂತಿಮಿಶ್ ಮಾತ್ರ ಬಾಯಿ ಬಿಡಲಿಲ್ಲ. ಮರುದಿನದಿಂದ ಬಾಯಿ ಬಿಟ್ಟ... 'ಕುಡಿದು ಓಡಿಸ್ದ, ಯಂತ್ರ ಕೆಡಿಸ್ದ' ಅಂತ. ಸತ್ತವನ ಮೇಲೆ! ಉತ್ತರ ಕೊಡೋಕೆ ಬರಲಾರದವನ ಮೇಲೆ!"

"ಎಲ್ಲರೂ ಹಾಗೇ ಹೇಳ್ತಾರಲ್ಲ, ಅತಾ," ಎಂದ ಮಿರ್ಜಾಬೆಕ್.

"ಎಲ್ಲರೂ ಅಲ್ಲ. ಆ ಮುಖ್ಯಸ್ಥನ ಕುರ್ಚೀಲಿ ಕೂರೋರು ಹೇಳ್ತಾರೆ," ಎಂದು ಓಸ್ಮೊನ್‌ಕುಲ್ ಮುಂದುವರಿಸಿದ.

"ಹಿಮ ಕರಗಿದ ಮೇಲೆ ಬೂರಾನ ಎಳೆದು ತಂದು ಮತ್ತೆ ಕಟ್ಟಿದೆ. ಈ ಸಲ ಒಬ್ಬನೇ. ಒಂದಿನ ಬ್ಯಾಟರಿಗಳನ್ನ ಬಿಚ್ಚಿ ಇಲ್ಲಿ ಇಟ್ಟು ಶೆಡ್ಡಿಗೆ ಹೋದ್ರೆ, ಅಲ್ಲಿ ಪಂಪು ಮುಲುಗ್ತಿದೆ... ಗುಂಯ್ಯ್... ಇಲಿ ಅಂದ್ಕೊಂಡೆ. ಸಾಗಿನ್ ಹಾಕ್ಕೊಳ್ತಿದ್ದ ಈ ಟೊಪ್ಪಿ ತಲೆಗೆ ಹಾಕ್ದೆ. ಕಿವೀಲಿ ಅವನದೇ ದನಿ. 'ಬಾಯ್ಕೆ, ನಾನು ಎಂಥ ಮನುಷ್ಯ ಆಗಿದ್ದೆ?' 'ಒಳ್ಳೆಯವನು ಕಣೋ' ಅಂದೆ. ಮುಲುಗೋದು ನಿಂತಿತು. ಆಮೇಲೆ ಪ್ರತಿ ಸಲ ಕೇಳ್ತಿದ್ದ, ಪ್ರತಿ ಸಲ ಹೇಳ್ತಿದ್ದೆ, ಎಂಜಿನ್ ಏಳ್ತಿತ್ತು.

"ಮುಂದಿನ ಚಳಿಗಾಲ ತೆಂತಿಮಿಶ್‌ಗೆ ಘಾಟಿ ಆಚೆ ಹೋಗೋ ತುರ್ತು. ಬೂರಾದಲ್ಲಿ ನನ್ನ ಪಕ್ಕ ಕೂತ. ಕಿವಿ ಕೊರೀತಿದೆ ಅಂತ ನನ್ನ ತಲೆಯಿಂದ ಟೊಪ್ಪಿ ಕಿತ್ತು ತಾನೇ ಹಾಕ್ಕೊಂಡ. ಬಿಳೀ ಕೊರಕಲಿನ ಕೆಳಗೆ ಬಂದ್ವಿ. ಎಂಜಿನ್ ನಿಂತಿತು. ಅವನ ಮುಖ ಹಸೀ ಹಿಟ್ಟಿನ ಹಾಗಾಯ್ತು. 'ಯಾರೋ ಮಾತಾಡ್ತಿದಾನೆ' ಅಂದ. 'ಏನೋ ಕೇಳ್ತಿದಾನಲ್ಲ, ಉತ್ತರ ಕೊಡಿ ಸಾಹೇಬ್ರೇ, ಒಂದೇ ಮಾತು' ಅಂದೆ. ಒಂದೇ ಮಾತು! ಅದು ಅವನ ಗಂಟಲಿಂದ ಬರಲಿಲ್ಲ. ಟೊಪ್ಪಿ ಕಿತ್ತು ಹಿಮಕ್ಕೆ ಎಸೆದ, ಬಾಗಿಲು ತೆಗೆದು ಇಳಿದು ಓಡಿದ... ಹಿಮ ಸದ್ದಿಲ್ಲದೆ ಬಂತು. ಬೂರಾದ ಅಲಗಿನ ಮುಂದೆ ಬಂದು ನಿಂತಿತು, ಗಾಜಿಗೂ ತಾಗಲಿಲ್ಲ.

"ಅವನ ಹೆಣ ಸಿಕ್ಕಿದ್ದು ಹುಲ್ಲು ಚಿಗುರೋ ಕಾಲಕ್ಕೆ. ಅವನು ಎಸೆದಿದ್ದ ಈ ಟೊಪ್ಪಿ ಎಲ್ಲಿತ್ತು ಗೊತ್ತಾ? ಅವನ ತಲೆ ಮೇಲೆ. ಗದ್ದದ ಪಟ್ಟಿ ಬಿಗಿಯಾಗಿ ಹಾಕಿತ್ತು."

ಓಸ್ಮೊನ್‌ಕುಲ್ ಕಿಟಕಿ ತೆರೆದು ಲೋಟ ಒಳಗೆ ತಂದು ಮೇಜಿನ ಮೇಲೆ ಬೋರಲು ಹಾಕಿದ. ಒಂದು ಹನಿಯೂ ಬೀಳಲಿಲ್ಲ. ಡೀಸೆಲ್ ಬೆಳ್ಳಗೆ ಹೆಪ್ಪುಗಟ್ಟಿತ್ತು.

ಅಸಿಲ್ ಕೈಗವಸು ತೆಗೆದು ಮುಖ್ಯಸ್ಥನ ಮುಂದೆ ಎಸೆದ. "ನೀವೇ ಓಡಿಸ್ಕೊಂಡು ಹೋಗಿ. ನಂಗೂ ಹೆಂಡ್ತಿ ಇದಾಳೆ, ನಾಳೆ ಅವಳ ಮುಂದೆ ನನ್ನನ್ನೂ ಕುಡುಕ ಅಂತೀರ."

"ಸರಬರಾಜು ಮಾಡೋರ ತಪ್ಪು..." ಎಂದು ಮಿರ್ಜಾಬೆಕ್ ಬಾಯಿ ತೆರೆದ. ಅಂಗಳದಾಚೆಯಿಂದ ಒಂದು ಸದ್ದು ಬರುತ್ತಿತ್ತು. ಸಣ್ಣಗೆ, ಒಂದೇ ಸಮನೆ, ಮುಲುಗಿದಂತೆ.

ಕಂಡದ್ದನ್ನಷ್ಟೇ ಬರೆಯುವುದು ನನ್ನ ವೃತ್ತಿ. ಆದ್ದರಿಂದ ಬಗ್ಗಿ ನೋಡಿದೆ. ನಾಲ್ಕು ಬ್ಯಾಟರಿಗಳೂ ನನ್ನ ಕಾಲ ಬಳಿಯೇ ಇದ್ದವು. ಮುಟ್ಟಿದೆ, ಬೆಚ್ಚಗಿದ್ದವು. ಶೆಡ್ಡಿನ ಬೀಗದ ಕೈ ಮೇಜಿನ ಮೇಲಿತ್ತು.

ಕುಲಿಪಾ ಬಾಣಲೆ ಇಳಿಸಿ ಬಾಗಿಲ ಕಡೆ ತಿರುಗಿದಳು. "ಒಳ್ಳೆಯವನು," ಎಂದಳು, ಗಟ್ಟಿಯಾಗಿ. ಅಸಿಲ್ ಹೇಳಿದ. ಸಾಗಿನ್‌ನ ಮುಖವನ್ನೇ ಕಾಣದ ನಾನೂ ಹೇಳಿದೆ.

ಸದ್ದು ನಿಲ್ಲಲಿಲ್ಲ.

ಓಸ್ಮೊನ್‌ಕುಲ್ ಮೊಳೆಯಿಂದ ಟೊಪ್ಪಿ ತೆಗೆದು, ಧೂಳು ಒರೆಸಿ, ಮಿರ್ಜಾಬೆಕ್‌ನ ತೊಡೆಯ ಮೇಲಿಟ್ಟ.

"ಅವನು ನಮ್ಮನ್ನ ಕೇಳ್ತಿಲ್ಲ ಕಣಪ್ಪಾ," ಎಂದ.