ಹೊಲಿಗೆಯಮ್ಮನ ಮಣಿಕಟ್ಟಿನ ಗುರುತು

ನಾನು, ವಯಸ್ಸು 43, ಸರ್ಕಾರಿ ಆಸ್ಪತ್ರೆಯ ಸೋಂಕು ವಾರ್ಡಿನಲ್ಲಿ ಸ್ಟಾಫ್ ನರ್ಸ್, ವಾಸ ಆಸ್ಪತ್ರೆಯ ಹಿಂದಿನ ಸಿಬ್ಬಂದಿ ವಸತಿಗೃಹ. ವಾರ್ಡಿನಲ್ಲಿ ನನ್ನನ್ನು ದೊಡ್ಡ ಸಿಸ್ಟರ್ ಎಂದು ಕರೆಯುತ್ತಾರೆ. ನಿನ್ನೆ ನನಗಾದ ಗಾಯದ ಬಗ್ಗೆ ಠಾಣೆಯವರು ಕೇಳಿದ್ದಕ್ಕೆ ನಾನು ತಿಳಿಸುವುದು ಹೀಗಿದೆ.

ಕಳೆದ ಸೋಮವಾರ ಬೆಳಿಗ್ಗೆ ಬಟ್ಟೆ ಹೊಲಿಯುವ ಹೆಂಗಸೊಬ್ಬರನ್ನು ಅವರ ತಮ್ಮ ಕರೆತಂದು ದಾಖಲು ಮಾಡಿದರು. ಅಕ್ಕನನ್ನು ಅವಳ ಗಂಡ ಮಂಚಕ್ಕೆ ಕಟ್ಟಿಹಾಕಿ ಹೊಡೆಯುತ್ತಿದ್ದನೆಂದೂ, ತಾನೇ ಬಿಡಿಸಿ ಮನೆಗೆ ಕರೆತಂದು ಆರು ವರ್ಷವಾದರೂ ಯಾರಾದರೂ ಕೈ ಹಿಡಿದರೆ ಕಿರುಚಿಕೊಳ್ಳುತ್ತಾಳೆಂದೂ ಅವರು ನನಗೆ ಬಾಗಿಲ ಬಳಿ ತಿಳಿಸಿದರು. "ಹೇಳಿ ಮುಟ್ಟಿ ಸಿಸ್ಟರ್, ಅಷ್ಟೇ ಸಾಕು" ಎಂದರು. ನಾನು ಒಪ್ಪಿದೆ.

ಸೂಜಿ ಚುಚ್ಚುವ ಮುನ್ನ ನಾನು ಯಾರೆಂದು ಹೇಳಿ, ಕೈ ಕೊಡುತ್ತೀರಾ ಎಂದು ಕೇಳುತ್ತಿದ್ದೆ. ಅವರಾಗಿ ಚಾಚುವವರೆಗೆ ಕಾಯುತ್ತಿದ್ದೆ. ಬುಧವಾರ ಅವರು ನನ್ನ ರಕ್ಷಣಾ ಉಡುಪನ್ನು ನೋಡಿ, "ಯಾವ ಪುಣ್ಯಾತ್ಮ ಹೊಲಿದಿದ್ದು ಇದನ್ನ? ಅಳತೆನೇ ತಗೊಂಡಿಲ್ಲ. ಹುಷಾರಾದ್ಮೇಲೆ ತನ್ನಿ, ಬಿಗಿ ಮಾಡ್ಕೊಡ್ತೀನಿ" ಎಂದರು. ಆ ವಾರ್ಡಿನಲ್ಲಿ ನಾನು ಎಷ್ಟೋ ದಿನಗಳ ಮೇಲೆ ನಕ್ಕದ್ದು ಆಗಲೇ.

ಶುಕ್ರವಾರ ಕೆಲಸದ ನಡುವೆ ನಾನು ತಲೆ ಸುತ್ತಿ ಬಿದ್ದೆ. ಡಾಕ್ಟರು ಮೂರು ದಿನ ಮನೆಯಲ್ಲಿರಲು ಹೇಳಿದರು. ಹೋಗುವಾಗ ವಾರ್ಡಿನ ಕಿರಿಯ ನರ್ಸ್ ಚಿಕ್ಕ ಸಿಸ್ಟರಿಗೆ ಈ ರೋಗಿಯ ವಿಷಯ ತಿಳಿಸಿದೆ. ಅವಳು ತಲೆಯಾಡಿಸಿದಳು. ಅವಳ ತಾಯಿ ಅದೇ ವಾರ್ಡಿನಲ್ಲಿ ತೀರಿಕೊಂಡು ಇನ್ನೂ ಎರಡು ವಾರ ತುಂಬಿರಲಿಲ್ಲ. ಅವಳಿಗೆ ರಜೆ ಸಿಕ್ಕಿರಲಿಲ್ಲ.

ಶನಿವಾರ ಮಧ್ಯಾಹ್ನ ಇಡೀ ವಾರ್ಡಿಗೆ ಅವಳೊಬ್ಬಳೇ ಇದ್ದಳು. ಉಸಿರು ಸಿಗದೆ ಗಾಬರಿಯಾದ ಈ ರೋಗಿ ಆಕ್ಸಿಜನ್ ಮಾಸ್ಕನ್ನು ಪದೇ ಪದೇ ಕಿತ್ತೆಸೆಯುತ್ತಿದ್ದರು. ಅದೇ ಹೊತ್ತಿಗೆ ಎದುರು ಹಾಸಿಗೆಯವರ ಹೃದಯ ನಿಂತಿತು. ಅವಳು ಬ್ಯಾಂಡೇಜ್ ಬಟ್ಟೆಯಿಂದ ಈ ರೋಗಿಯ ಎರಡೂ ಕೈಗಳನ್ನು ಮಂಚಕ್ಕೆ ಕಟ್ಟಿ ಆ ಕಡೆ ಓಡಿದಳು. ಇದನ್ನು ಅವಳೇ ಫೋನಿನಲ್ಲಿ ಅಳುತ್ತಾ ನನಗೆ ತಿಳಿಸಿದಳು. ರೋಗಿ ಭಾನುವಾರ ಬೆಳಗಿನ ಜಾವ ತೀರಿಕೊಂಡರು.

ಸುದ್ದಿ ತಿಳಿದು ನಾನು ಬೆಳಿಗ್ಗೆ 10.40ಕ್ಕೆ ಶವಾಗಾರಕ್ಕೆ ಹೋದೆ. ರೋಗಿಯ ತಮ್ಮ ನನ್ನಿಂದ ಆರು ಅಡಿ ದೂರದಲ್ಲಿದ್ದರು. ಮುಖ ತೋರಿಸಲು ಸಿಬ್ಬಂದಿ ಶವದ ಚೀಲದ ಜಿಪ್ ಸರಿಸಿದಾಗ ಎದೆಯ ಮೇಲಿದ್ದ ಕೈಗಳೂ ಕಂಡವು. ಮಣಿಕಟ್ಟುಗಳ ಸುತ್ತ ಕೆಂಪಗೆ ಗುರುತು ಬಿದ್ದಿತ್ತು.

"ಕಟ್ಟಿದ್ರಾ?" ಎಂದು ಅವರು ಕೇಳಿದರು.

ಹೌದು ಎಂದೆ. ನಾನು ಅಲ್ಲಿರಲಿಲ್ಲ ಎಂದು ಹೇಳಲಿಲ್ಲ. ಅವರು ಮುಂದೆ ಬಂದು ಕೈಯಲ್ಲಿದ್ದ ಸ್ಟೀಲ್ ನೀರಿನ ಬಾಟಲಿಯಿಂದ ನನ್ನ ಹಣೆಗೆ ಹೊಡೆದರು. ನಾಲ್ಕು ಹೊಲಿಗೆ ಬಿದ್ದಿವೆ. ಎರಡನೇ ಏಟು ಹೊಡೆಯಲಿಲ್ಲ. ಅಲ್ಲೇ ನೆಲಕ್ಕೆ ಕುಸಿದು, "ಆರು ವರ್ಷ ಅವಳ ರೂಮಿಗೆ ಚಿಲಕ ಕೂಡ ಹಾಕಿಲ್ಲ ನಾನು" ಎಂದು ಹೇಳುತ್ತಲೇ ಇದ್ದರು.

ಹೊಡೆದದ್ದನ್ನು ಮಾತ್ರ ಹೇಳಿ, ಕಟ್ಟಿದ್ದನ್ನು ಎತ್ತಬೇಡಿ ಎಂದು ಆಸ್ಪತ್ರೆಯ ಆಡಳಿತಾಧಿಕಾರಿಗಳು ಇಂದು ಬೆಳಿಗ್ಗೆ ನನಗೆ ಸೂಚಿಸಿದರು. ಎರಡೂ ನಡೆದಿವೆ. ಎರಡನ್ನೂ ಬರೆದುಕೊಳ್ಳಬೇಕು. ತಮ್ಮನ ಮೇಲೆ ನನ್ನ ದೂರು ಇಲ್ಲ. ಚಿಕ್ಕ ಸಿಸ್ಟರ್ ನಿನ್ನೆಯಿಂದ ಊಟ ಮಾಡಿಲ್ಲ, ಕೋಣೆಯಿಂದ ಹೊರಗೆ ಬಂದಿಲ್ಲ. ಅವಳಿಗೆ ಇಪ್ಪತ್ಮೂರು ವರ್ಷ. ವಿಚಾರಣೆಗೆ ಕರೆಸುವುದಾದರೆ ಅವಳೊಬ್ಬಳನ್ನೇ ಕರೆಸಬೇಡಿ. ನಾನು ಬಂದು ಪಕ್ಕದಲ್ಲಿ ಕೂರುತ್ತೇನೆ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ನಿಜವಿದೆ. ಯಾವ ಮಾತನ್ನೂ ತೆಗೆಯುವುದು ಬೇಡ.

ಸ್ಥಳ: ಆಸ್ಪತ್ರೆಯ ಡ್ರೆಸ್ಸಿಂಗ್ ಕೊಠಡಿ
ದಿನಾಂಕ: 14, ಸೋಮವಾರ
ಸಹಿ: (ದೊಡ್ಡ ಸಿಸ್ಟರ್)