ಟವೆಲಿಗಾಗಿ ಕೊಂಡ ಶೇರು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಮೂಡುಬಿದಿರೆಯ ಹಿರಿಯರಾದ ಜಯವರ್ಮ ಜೈನರೇ, ನಮ್ಮ ಹೂಡಿಕೆದಾರರ ಬಳಗದ ಉತ್ಸಾಹಿ ಕಾರ್ಯದರ್ಶಿ ಲತೇಶರೇ, ಹಿಂದಿನಿಂದ ಊಟದ ಪರಿಮಳ ಬರುತ್ತಿದ್ದರೂ ಕುರ್ಚಿ ಬಿಡದೆ ಕುಳಿತಿರುವ ಸಭಿಕರೇ,

ಶಾಲು ಹೊದಿಸಿದಿರಿ, ಪೇಟ ತೊಡಿಸಿದಿರಿ, ಹಣ್ಣಿನ ಬುಟ್ಟಿ ಕೊಟ್ಟಿರಿ. ಆಮಂತ್ರಣ ಪತ್ರಿಕೆಯಲ್ಲಿ ‘ತೈವಾನ್ ಶೇರು ಕುಬೇರ ನಿತ್ಯಾನಂದ ಶೆಟ್ಟಿ’ ಎಂದು ಅಚ್ಚು ಹಾಕಿಸಿದಿರಿ. ಅದರ ಕೆಳಗೆ ಇನ್ನೊಂದು ಸಾಲು ಉಂಟು. ನನ್ನ ಮಾರ್ಗದರ್ಶನದಲ್ಲಿ ಎಲ್ಲರ ಹಣ ಒಟ್ಟುಗೂಡಿಸಿ ತೈವಾನಿನ ಶೇರು ಕೊಳ್ಳುವ ನಿಧಿ ಇಂದು ಉದ್ಘಾಟನೆಯಂತೆ, ಲಾಭ ಖಾತ್ರಿಯಂತೆ. ಅದನ್ನು ನಾನೂ ನಿಮ್ಮ ಹಾಗೆಯೇ ಪತ್ರಿಕೆ ಕೈಗೆ ಬಂದಾಗ ಓದಿದೆ. ನಮ್ಮಲ್ಲಿ ಹೆಸರು ಮೊದಲು ಅಚ್ಚಾಗುತ್ತದೆ, ಒಪ್ಪಿಗೆ ಆಮೇಲೆ ಕೇಳುವುದು. ಅಚ್ಚಾದ ಮೇಲೆ ಇಲ್ಲ ಎನ್ನುವುದಕ್ಕೆ ದಾಕ್ಷಿಣ್ಯ. ಆ ದಾಕ್ಷಿಣ್ಯದಲ್ಲೇ ಇಲ್ಲಿಯವರೆಗೆ ಬಂದೆ.

ತೈವಾನ್ ಎಷ್ಟು ದೊಡ್ಡದು? ನಮ್ಮ ಕರ್ನಾಟಕದಲ್ಲಿ ಅಂಥ ಐದು ಹಿಡಿಸಬಹುದು. ಇಷ್ಟೇ ಇಷ್ಟು ದ್ವೀಪ, ಇಡೀ ಲೋಕದ ಕಂಪ್ಯೂಟರುಗಳಿಗೆ ಚಿಪ್ ಮಾಡಿ ಕೊಡುತ್ತದೆ. ನಾನು ಅಲ್ಲಿ ಮಾಡಿದ್ದು ಚಿಪ್ ಅಲ್ಲ, ದೋಸೆ. ತೈಪೆಯ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಹದಿನೇಳು ವರ್ಷ.

ಹೋಟೆಲಿನ ಪಕ್ಕದಲ್ಲಿ ಲಿನ್ ಅಜ್ಜಿಯ ಸೋಯಾ ಹಾಲಿನ ಅಂಗಡಿ. ನಾನು ಉದ್ದು ನೆನೆಸುವ ಹೊತ್ತಿಗೆ ಅವಳು ಸೋಯಾ ನೆನೆಸುತ್ತಿದ್ದಳು. ಹಾಗೆ ಪರಿಚಯವಾದದ್ದು. ಅಲ್ಲಿ ಒಂದು ಚಂದದ ಪದ್ಧತಿ ಉಂಟು. ಅನೇಕ ಕಂಪೆನಿಗಳು ವಾರ್ಷಿಕ ಮಹಾಸಭೆಯ ಸಮಯದಲ್ಲಿ ಪಾಲುದಾರರಿಗೆ ಏನಾದರೊಂದು ಉಡುಗೊರೆ ಕೊಡುತ್ತವೆ. ಟವೆಲು, ಸೋಪು, ಬೋಗುಣಿ, ಕೊಡೆ. ಸಾವಿರ ಶೇರು ಇದ್ದವನಿಗೂ ಒಂದು ಟವೆಲು, ಒಂದೇ ಶೇರು ಇದ್ದವನಿಗೂ ಒಂದು ಟವೆಲು! ಇದಕ್ಕಿಂತ ದೊಡ್ಡ ಸಮಾಜವಾದ ನಾನು ನೋಡಿಲ್ಲ. ಅಜ್ಜಿ ಒಂದೊಂದು ಕಂಪೆನಿಯಲ್ಲಿ ಒಂದೊಂದೇ ಶೇರು ಇಟ್ಟುಕೊಂಡಿದ್ದಳು. ನನಗೂ ಖಾತೆ ತೆರೆಸಿ, ಹಾಗೆಯೇ ಕೊಳ್ಳಿಸಿದಳು.

ಮೇ, ಜೂನ್ ಬಂತೆಂದರೆ ನಮಗೆ ಹಬ್ಬ. ವಾರದ ರಜೆಯ ದಿನ ಅಜ್ಜಿಯೂ ನಾನೂ ಮೆಟ್ರೋ ಹಿಡಿದು ಹೊರಟೆವೆಂದರೆ ಒಂದು ಸಾಲಿನಲ್ಲಿ ಬೋಗುಣಿ, ಇನ್ನೊಂದು ಸಾಲಿನಲ್ಲಿ ಸೋಪು. ಸಾಲಿನಲ್ಲಿ ನಿಂತವರೆಲ್ಲ ಅವಳ ಪ್ರಾಯದವರು, ಎಲ್ಲರ ಕೈಯಲ್ಲೂ ಚೀಲ. ನಾನೊಬ್ಬ ಕಪ್ಪು ಮೀಸೆಯವ ನಡುವೆ. ‘ನನ್ನ ಮಗ’ ಎಂದು ಹೇಳಿ ಎಲ್ಲರನ್ನೂ ನಗಿಸುತ್ತಿದ್ದಳು. ಹಿಂದೆ ಬರುವಾಗ ಉದ್ಯಾನದಲ್ಲಿ ಕುಳಿತು ಅವಳ ಸೋಯಾ ಹಾಲು, ನನ್ನ ಇಡ್ಲಿ. ಆ ದಿನಗಳು ಇನ್ನು ಬರುವುದಿಲ್ಲ. ಕಳೆದ ವರ್ಷ ಅವಳು ತೀರಿಕೊಂಡಳು ಎಂದು ಸುದ್ದಿ ಬಂತು. ನನ್ನ ಸ್ವಂತ ತಾಯಿ ಹೋದಾಗ ರಜೆ ಸಿಗದೆ ಅಳದೆ ಉಳಿದದ್ದನ್ನೆಲ್ಲ ಆ ದಿನ ಅತ್ತೆ.

ಊರಿಗೆ ಬರುವಾಗಲೆಲ್ಲ ಪೆಟ್ಟಿಗೆ ತುಂಬ ಉಡುಗೊರೆ. ನನ್ನ ಹೆಂಡತಿ ವಿನೋದಾ, ಇಲ್ಲೇ ಎದುರು ಕುಳಿತಿದ್ದಾಳೆ, ಒಮ್ಮೆ ಕೇಳಿದಳು: “ಎಂತದು ಮಾರಾಯ್ರೇ ಇದು, ವಿಮಾನದಲ್ಲಿ ಟವೆಲು ತರ್ತೀರಲ್ಲ? ಬಂಟ್ವಾಳ ಪೇಟೆಯಲ್ಲಿ ಟವೆಲು ಇಲ್ವಾ?” ಈಗ ನಮ್ಮ ಮನೆಗೆ ಬಂದವರು ಕೈ ಒರೆಸುವುದು ತೈವಾನಿನ ಕಂಪೆನಿಗಳ ಹೆಸರಿನಲ್ಲೇ.

ಹಾಗೆ ಕೈ ಒರೆಸಿದವರಲ್ಲಿ ಲತೇಶ್ ಒಬ್ಬ. “ಮಾವ, ಆ ದೊಡ್ಡ ಚಿಪ್ ಕಂಪೆನಿಯ ಶೇರು ನಿಮ್ಮಲ್ಲಿ ಉಂಟಾ?” ಎಂದು ಕೇಳಿದ. “ಉಂಟು ಮಾರಾಯ” ಎಂದೆ. ಎಷ್ಟು ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಒಂದು ಎನ್ನುತ್ತಿದ್ದೆ. ಹೌದು ಸಭಿಕರೇ, ಒಂದೇ ಒಂದು. ನಗಬೇಡಿ, ಅಥವಾ ನಗಿ, ನಗುವ ವಿಷಯವೇ. ಕುಬೇರನ ಗಂಟು ಇಷ್ಟೇ.

ಒಂದೊಂದೇ ಶೇರು ಯಾಕೆ ಅಂತ ನಾನು ಅಜ್ಜಿಯನ್ನು ಕೇಳಿದ್ದೆ. ತೊಂಬತ್ತನೆಯ ಇಸವಿಯಲ್ಲಿ ಅಲ್ಲಿನ ಮಾರುಕಟ್ಟೆ ಮಕಾಡೆ ಬಿತ್ತು. ಅದಕ್ಕೆ ಮೊದಲು ಇಡೀ ಊರಿಗೇ ಶೇರಿನ ಮರುಳು. ಅಜ್ಜಿ ತನ್ನ ಹಣದ ಜೊತೆ ತಂಗಿಯ ಹಣವನ್ನೂ ಹಾಕಿಸಿದ್ದಳು. “ನನ್ನದು ಹೋದದ್ದು ಮರೆತೆ ಮಗಾ. ತಂಗಿ ಸಾಯುವವರೆಗೂ ನನ್ನ ಹತ್ತಿರ ಮಾತಾಡಲಿಲ್ಲ. ಅವಳು ನಂಬಿದ್ದು ಶೇರನ್ನಲ್ಲ, ನನ್ನನ್ನು” ಎಂದಿದ್ದಳು. ತೈವಾನ್ ಕೆಟ್ಟದೇ? ಅಲ್ಲ. ಅಲ್ಲಿನ ಶೇರು ಕೆಟ್ಟದೇ? ಅಲ್ಲ, ಈಚೆಗಂತೂ ಚೆನ್ನಾಗಿ ಏರಿದೆ. ಏರುವುದು ಇಳಿಯುವುದು ಅದರ ಗುಣ. ಖಾತ್ರಿ ಎನ್ನುವ ಮಾತನ್ನು ಮಾತ್ರ ಸೋಪಿನ ಬಗ್ಗೆ ಹೇಳಲಿಕ್ಕೆ ಅಜ್ಜಿಗೆ ಧೈರ್ಯವಿತ್ತು, ಶೇರಿನ ಬಗ್ಗೆ ಹೇಳಲಿಕ್ಕೆ ಇರಲಿಲ್ಲ.

ಇವತ್ತು ಬಾಗಿಲಲ್ಲಿ ಬೆಳ್ತಂಗಡಿ ಲಾಯಿಲದ ಸುರಕ್ಷಾ ಟೀಚರು ಸಿಕ್ಕಿದರು. “ನಿಮ್ಮ ಹೆಸರು ನೋಡಿಯೇ ಧೈರ್ಯ ಮಾಡಿದ್ದು ಅಣ್ಣ, ಬಳೆ ಅಡವಿಟ್ಟು ತಂದಿದ್ದೇನೆ” ಎಂದು ಲಕೋಟೆ ತೋರಿಸಿ, ನಿಧಿಗೆ ಹಣ ತೆಗೆದುಕೊಳ್ಳುವ ಅಲ್ಲಿಯ ಮೇಜಿನಲ್ಲಿ ಕೊಟ್ಟು ಬಂದರು. ವೇದಿಕೆಯ ಹಿಂದೆ ಲತೇಶನನ್ನು ಕರೆದು, ಹೀಗೆ ಹಣ ಎತ್ತಲಿಕ್ಕೆ ಸರಕಾರದ ಅನುಮತಿ ಉಂಟಾ ಎಂದು ಕೇಳಿದೆ. “ಅದು ಆಮೇಲೆ ಮಾಡುವ ಮಾವ, ಈಗ ನೀವು ದೀಪ ಹಚ್ಚಿ” ಎಂದ. ಹುಡುಗ ಕೆಟ್ಟವನಲ್ಲ, ಅವಸರದವನು. ಆದರೆ ಬಳೆ ಟೀಚರದ್ದು.

ಆದ್ದರಿಂದ ಅಧ್ಯಕ್ಷರೇ, ಕ್ಷಮಿಸಬೇಕು, ಈ ದೀಪ ನಾನು ಹಚ್ಚುವುದಿಲ್ಲ. ವಿನೋದಾ, ನೀನು ಎದ್ದು ಬಾಗಿಲ ಮೇಜಿನ ಹತ್ತಿರ ನಿಲ್ಲು. ಹಣ ಕೊಟ್ಟವರೆಲ್ಲ ನಿಮ್ಮ ನಿಮ್ಮ ಲಕೋಟೆ ತೆಗೆದುಕೊಂಡೇ ಊಟಕ್ಕೆ ಹೋಗಿ. ಲತೇಶಾ, ಮೈಕು ಆಫ್ ಮಾಡಿಸಬೇಡ, ನನಗೆ ಮೈಕಿಲ್ಲದೆಯೂ ಗಂಟಲುಂಟು. ಟೀಚರೇ, ಮೊದಲು ನೀವು ಹೋಗಿ. ಅಲ್ಲಿಯವರೆಗೆ ನಾನು ಇಳಿಯುವುದಿಲ್ಲ.

ಶಾಲು ಹೊದಿಸಿದವರಿಗೆ, ಇಷ್ಟು ಹೊತ್ತು ಸಹಿಸಿದವರಿಗೆ, ಅಡುಗೆಯ ಭಟ್ಟರಿಗೆ, ಎಲ್ಲರಿಗೂ ಋಣಿ.

ಟೀಚರೇ, ಸಿಕ್ಕಿತಾ? ಬಿಡಿಸಿ ನೋಡಿದಿರಾ? ಸರಿ ಉಂಟಲ್ಲ?

ಹಾಗಾದರೆ, ನಮಸ್ಕಾರ.